ಲೆಕ್ಕ ಕೇಳುವವರಿಗೆ ಕುರ್ಚಿ ಎಲ್ಲಿ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 58 ಕೌಂಟಿಗಳು. ಬೆಳಗಾವಿ ಮಹಾನಗರ ಪಾಲಿಕೆಯಲ್ಲಿ 58 ವಾರ್ಡುಗಳು. ಹೋಲಿಕೆ ಅಲ್ಲಿಗೇ ಮುಗೀತು.

ಅಲ್ಲಿ ಪ್ರತಿ ಕೌಂಟಿಯಲ್ಲೂ ವರ್ಷಕ್ಕೊಂದು ಗ್ರಾಂಡ್ ಜ್ಯೂರಿ ಕೂಡುತ್ತದೆ. ಬಹುತೇಕ ಕಡೆ 19 ಮಂದಿ. ಚುನಾವಣೆಗೆ ನಿಂತವರಲ್ಲ, ಪಾರ್ಟಿಯವರೂ ಅಲ್ಲ. ನಿವೃತ್ತ ಮಾಸ್ತರು, ಅಂಗಡಿಯವರು, ಮನೆ ನಡೆಸುವ ಹೆಣ್ಣುಮಕ್ಕಳು. ನೇಮಿಸುವುದು ಕೋರ್ಟು. ಒಂದು ವರ್ಷ ಅವರು ಕಚೇರಿಗಳ ದಫ್ತರ ತೆರೆಸುತ್ತಾರೆ, ಸಾಹೇಬರನ್ನು ಕರೆಸಿ ಕೇಳುತ್ತಾರೆ, ಜೈಲಿನೊಳಗೂ ಹೋಗಿ ನೋಡುತ್ತಾರೆ. ಕೊನೆಗೆ ವರದಿ. ಆ ವರದಿ ಯಾರಿಗೂ ದಂಡ ಹಾಕುವುದಿಲ್ಲ. ಹಾಗಾದರೆ ಅದರಿಂದ ಏನು ಬಂತು ಅಂತೀರಾ? ಬಂದದ್ದು ಉತ್ತರ. ಚುನಾಯಿತ ಅಧಿಕಾರಿ 60 ದಿನದೊಳಗೆ, ಆಡಳಿತ ಮಂಡಳಿ 90 ದಿನದೊಳಗೆ ಒಂದೊಂದು ಮಾತಿಗೂ ಬರಹದಲ್ಲಿ ಉತ್ತರ ಕೊಡಲೇಬೇಕು. ಒಪ್ಪಿದ್ದೇವೆ, ಇಂಥ ದಿನ ಮಾಡುತ್ತೇವೆ. ಅಥವಾ ಮಾಡುವುದಿಲ್ಲ, ಕಾರಣ ಇದು. 'ನೋಡೋಣ, ಮುಂದಿನ ವಾರ ಬರ್ರಿ' ಅನ್ನೋ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಈ ದೇಶದಲ್ಲೂ ಜ್ಯೂರಿ ಇತ್ತು, ಆದರೆ ಅದು ಖೂನಿ ಖಟ್ಲೆಗಳ ಜ್ಯೂರಿ. ಮುಂಬಯಿಯ 1959ರ ನಾನಾವತಿ ಖಟ್ಲೆಯ ನಂತರ ಅದರ ಹೆಸರು ಕೆಟ್ಟಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಗಟಾರದ ಲೆಕ್ಕ ಕೇಳುವ ಜ್ಯೂರಿ ಮಾತ್ರ ಇಲ್ಲಿ ಎಂದೂ ಹುಟ್ಟಲಿಲ್ಲ.

ಹಾಗಂತ ಕಾಯ್ದೆ ಬರಿಗೈಯಲ್ಲೇನೂ ಇಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿಗೆ ವಾರ್ಡ್ ಸಮಿತಿ ಬೇಕು ಅಂತು. ಬೆಳಗಾವಿ ಆ ಗೆರೆಯನ್ನು ಎಂದೋ ದಾಟಿದೆ. ಕರ್ನಾಟಕ ತನ್ನ ಪಾಲಿಕೆ ಕಾಯ್ದೆಗೆ ವಾರ್ಡ್ ಸಮಿತಿಯ ವಿವರ ಸೇರಿಸಿದ್ದು 2011ರಲ್ಲಿ, ನಿಯಮ ಮಾಡಿದ್ದು 2016ರಲ್ಲಿ. ಅಂದರೆ ಸಂವಿಧಾನದ ಮಾತು ನಿಯಮದ ಪುಸ್ತಕಕ್ಕೆ ಇಳಿಯಲು 23 ವರ್ಷ. ಆ ಮೇಲೂ ಬೆಂಗಳೂರು, ಮಂಗಳೂರಿನ ನಾಗರಿಕರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಸಮಿತಿಯಲ್ಲಿ ಹತ್ತು ಮಂದಿ ನಾಗರಿಕರು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಪಾಲು ಉಂಟು. ಕಸ, ಗಟಾರ, ಬೀದಿದೀಪ, ಉದ್ಯಾನ ನೋಡಿಕೊಳ್ಳುವ ಕೆಲಸ. ಎಲ್ಲಾ ಸರಿ, ಆದರೆ ಅಧ್ಯಕ್ಷರು ಯಾರು? ಅದೇ ವಾರ್ಡಿನ ಕಾರ್ಪೊರೇಟರು! ಯಾರ ಕೆಲಸ ಪರೀಕ್ಷೆ ಮಾಡಬೇಕೋ ಅವರೇ ಪರೀಕ್ಷೆಯ ಮೇಜಿನ ತಲೆಯಲ್ಲಿ. ಕ್ಯಾಲಿಫೋರ್ನಿಯಾದ 19 ಮಂದಿ ಹೀಗೆ ಕೂತಿದ್ದರೆ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು.

ಬೆಳಗಾವಿಗೆ ಇನ್ನೊಂದು ರೋಗ ಬೇರೆ. 2005ರಲ್ಲಿ ಸರ್ಕಾರ ಪಾಲಿಕೆಯನ್ನು ಸೂಪರ್‌ಸೀಡ್ ಮಾಡಿತು. ಕಾರಣ, ಮಹಾರಾಷ್ಟ್ರಕ್ಕೆ ಸೇರುವ ಠರಾವು. 2011ರಲ್ಲಿ ಮತ್ತೊಮ್ಮೆ, ಕಾರಣ, ಮೇಯರು ಕರಾಳ ದಿನಕ್ಕೆ ಹೋದದ್ದು. ಎರಡು ಸಲ ಸಭೆ ಹೋಯಿತು, ಎರಡೂ ಸಲ ಭಾಷೆಯ ಜಗಳಕ್ಕೆ. ರಸ್ತೆ ಕೆಟ್ಟಿದೆ ಅಂತಲ್ಲ, ನಳಕ್ಕೆ ನೀರು ಬರಲಿಲ್ಲ ಅಂತಲ್ಲ. ಶಹಾಪುರದ ಗಟಾರಕ್ಕೆ ಕನ್ನಡವೂ ಬರೋದಿಲ್ಲ, ಮರಾಠಿಯೂ ಬರೋದಿಲ್ಲ. ಅದು ಹಾಗೇ ಉಕ್ಕಿತು.

ಅದಕ್ಕಿಂತ ದೊಡ್ಡ ಚೋದ್ಯ ಮುಂದಿನದು. 2021ರ ಸೆಪ್ಟೆಂಬರ್ 3ರಂದು ಮತದಾನವಾಯಿತು. ಮೊದಲ ಸಲ ಪಕ್ಷದ ಚಿಹ್ನೆ ಮೇಲೆ ಚುನಾವಣೆ. ಬಿಜೆಪಿಗೆ 35 ಸ್ಥಾನ, ಸ್ಪಷ್ಟ ಬಹುಮತ. ಮೇಯರ್ ಆಯ್ಕೆ ಆದದ್ದು ಯಾವಾಗ? 2023ರ ಫೆಬ್ರವರಿ 6ಕ್ಕೆ. ಹದಿನೇಳು ತಿಂಗಳು ಆರಿಸಿ ಬಂದವರು 58 ಜನ, ಕೂಡುವ ಸಭೆ ಇಲ್ಲ. ಊರು ನಡೆದದ್ದು ಅಧಿಕಾರಿಗಳ ಕೈಯಲ್ಲಿ. ಸ್ಮಾರ್ಟ್ ಸಿಟಿ ಅಂತ 2016ರ ಮೊದಲ ಪಟ್ಟಿಯಲ್ಲೇ ಹೆಸರು ಬಂದ ಊರಿದು. ಅಗೆದ ರಸ್ತೆಯ ಮುಂದೆ ಅಂಗಡಿ ಇಟ್ಟವರು ಆಗ ಯಾರನ್ನು ಕೇಳಬೇಕಿತ್ತು? ಕಾರ್ಪೊರೇಟರನ್ನು ಕೇಳಿದರೆ, 'ನಮಗಿನ್ನೂ ಅಧಿಕಾರನೇ ಬಂದಿಲ್ರೀ'. ಇಂಥ ಹೊತ್ತಿಗೇ ಬೇಕು, ಮೇಯರ್ ಇದ್ದರೂ ಇಲ್ಲದಿದ್ದರೂ ಕೂತು ಕೇಳುವ ನಾಗರಿಕ ಮಂಡಳಿ.

ಖಾನಾಪುರದ ಬಸ್ಸು ಹತ್ತಿದರೆ ಚಿತ್ರ ಬೇರೆ. ಹಳ್ಳಿಯ ಮನುಷ್ಯನಿಗೆ ಈ ವಿಷಯದಲ್ಲಿ ಪಟ್ಟಣದವನಿಗಿಂತ ಹೆಚ್ಚು ಹಕ್ಕಿದೆ. ನಂದಗಡ, ಜಾಂಬೋಟಿ, ಇಟಗಿ, ಕಕ್ಕೇರಿ ಕಡೆಯವರಿಗೆ ಗ್ರಾಮ ಸಭೆ ಉಂಟು. ಅದರ ಜೊತೆ ಜಮಾಬಂದಿ: ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಖರ್ಚನ್ನು ಊರವರ ಎದುರಿಗೆ ಓದಿ, ಕಾಮಗಾರಿಯನ್ನು ಹೋಗಿ ನೋಡಬೇಕು. ಇಲ್ಲೂ ನಡೆಸುವವರು ತಾಲೂಕಿನಿಂದ ಬಂದ ಸಾಹೇಬರೇ. ಭತ್ತದ ಕೆಲಸದ ದಿನಗಳಲ್ಲಿ ಸಭೆ ಕರೆದು, 'ಮಂದಿ ಬರಲಿಲ್ಲ' ಅಂತ ಬರೆದುಕೊಳ್ಳುವುದು ಕಷ್ಟವಲ್ಲ.

ಗ್ರಾಂಡ್ ಜ್ಯೂರಿಗೆ ನಿಜವಾಗಿ ಹತ್ತಿರ ಬಂದದ್ದು ಸೋಷಿಯಲ್ ಆಡಿಟ್. ಅದರ ಬೇರು ರಾಜಸ್ಥಾನದಲ್ಲಿ. ಕೂಲಿಕಾರರು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನಸುನವಾಯಿ ಮಾಡಿ ಹಾಜರಿ ಪಟ್ಟಿಯನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿದರು. 2005ರ ಉದ್ಯೋಗ ಖಾತ್ರಿ ಕಾಯ್ದೆ ಆ ರೀತಿಯನ್ನೇ 17ನೇ ಕಲಮಾಗಿ ಬರೆಯಿತು. ಕರ್ನಾಟಕದಲ್ಲಿ ಅದಕ್ಕೊಂದು ಬೇರೆ ನಿರ್ದೇಶನಾಲಯವೇ ಬಂತು. ಕೆಲಸ ಮಾಡಿಸಿದವರು ಬೇರೆ, ಲೆಕ್ಕ ತೆಗೆಯುವವರು ಬೇರೆ, ತತ್ವ ಅಷ್ಟೇ. ಕೆರೆ ಹೂಳೆತ್ತಿದ ಹೆಣ್ಣುಮಗಳು ತನ್ನ ಹೆಸರಿನ ಮುಂದೆ ಎಷ್ಟು ದಿನದ ಹಾಜರಿ ಬಿದ್ದಿದೆ ಅಂತ ಸಭೆಯಲ್ಲೇ ಕೇಳಬಹುದು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಬೇರೊಂದನ್ನು ಒಪ್ಪಿತು. ಸೋಷಿಯಲ್ ಆಡಿಟ್ ಅದರಲ್ಲೂ ಉಳಿದಿದೆ. ಕುಂದು ಒಂದೇ, ಆದರೆ ದೊಡ್ಡದು: ತಪ್ಪು ಹಿಡಿಯುವವರೆಗೆ ಊರವರ ಕೈ, ವಸೂಲಿ ಬಂದಾಗ ಮತ್ತೆ ಅದೇ ಇಲಾಖೆಯ ಕೈ.

ನಡುವೆ ಸಿಕ್ಕವರು ಖಾನಾಪುರ ಪೇಟೆಯ ಜನ. ಅಲ್ಲಿರುವುದು ಪಟ್ಟಣ ಪಂಚಾಯತಿ. ಗ್ರಾಮ ಪಂಚಾಯತಿ ಅಲ್ಲ, ಹಾಗಾಗಿ ಜಮಾಬಂದಿ ಇಲ್ಲ. ಜನಸಂಖ್ಯೆ ಮೂರು ಲಕ್ಷದ ಹತ್ತಿರಕ್ಕೂ ಇಲ್ಲ, ಹಾಗಾಗಿ ಸಂವಿಧಾನ ಹೇಳಿದ ವಾರ್ಡ್ ಸಮಿತಿಯೂ ಕಡ್ಡಾಯವಲ್ಲ. ಸ್ಟೇಶನ್ ರಸ್ತೆಯ ಅಂಗಡಿಯವನು ಮನೆಪಟ್ಟಿ ಕಟ್ಟುತ್ತಾನೆ, ಲೈಸೆನ್ಸ್ ಫೀ ಕಟ್ಟುತ್ತಾನೆ. ಲೆಕ್ಕ ಕೇಳಬೇಕಾದರೆ ಅವನ ಕೈಗೆ ಸಿಗುವುದು 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದು ಅರ್ಜಿ, 30 ದಿನದ ಗಡುವು. ಹತ್ತೊಂಬತ್ತು ಮಂದಿ ಕೂತು ಕೇಳಬೇಕಾದ್ದನ್ನು ಅವನೊಬ್ಬನೇ ಕೇಳಬೇಕು, ಅದೂ ಅಂಗಡಿ ಬಾಗಿಲು ಹಾಕಿ ಬಂದು, ನಾಳೆ ಅದೇ ಕಚೇರಿಗೆ ಲೈಸೆನ್ಸ್ ರಿನ್ಯೂ ಮಾಡಿಸಲು ಹೋಗಬೇಕಾದವನು.