ಶಾಲು ಹೊದಿಸಿದ ಮೇಲೆ

ಜನವರಿ 14 ಮಾಜಿ ಸೈನಿಕರ ದಿನ. ನಮ್ಮಲ್ಲಿ ಅದು ಸಂಕ್ರಾಂತಿಯ ಎಳ್ಳುಬೆಲ್ಲದ ಗಡಿಬಿಡಿಯಲ್ಲಿ ಗೊತ್ತೇ ಆಗದೆ ಕಳೆದುಹೋಗುತ್ತದೆ. 1953ರ ಆ ದಿನ ಕೆ.ಎಂ. ಕಾರ್ಯಪ್ಪ ಸೇನೆಯಿಂದ ನಿವೃತ್ತರಾದರು. ಮಾರನೆಯ ದಿನ ಸೇನಾ ದಿನ. 1949ರಲ್ಲಿ ಅವರು ನಮ್ಮ ಸೇನೆಯ ಮೊದಲ ಭಾರತೀಯ ದಂಡನಾಯಕರಾದದ್ದು ಅಂದು. ದೇಶವಿಡೀ ಆಚರಿಸುವ ಎರಡು ದಿನಗಳು ಕೊಡಗಿನ ಒಬ್ಬರ ಸೇವಾ ದಾಖಲೆಯಿಂದ ಬಂದಿವೆ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಬಹುಕಾಲ ಆರ್‌ಟಿಒ ಕಚೇರಿಯಾಗಿತ್ತು. 1948ರ ನವೆಂಬರಿನಲ್ಲಿ ಹನ್ನೊಂದು ಸಾವಿರ ಅಡಿಗೂ ಮೇಲಿನ ಝೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ, 1957ರಿಂದ ನಾಲ್ಕು ವರ್ಷ ಭೂಸೇನೆಯ ಮುಖ್ಯಸ್ಥರಾಗಿದ್ದ, ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡವರ ಮನೆಯಲ್ಲಿ ಜನ ಡ್ರೈವಿಂಗ್ ಲೈಸೆನ್ಸಿಗೆ ಸಾಲು ನಿಲ್ಲುತ್ತಿದ್ದರು. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ತಡವಾಗಿಯಾದರೂ ಒಳ್ಳೆಯ ಕೆಲಸವಾಯಿತು. ಅಂಗಳದ ಟ್ಯಾಂಕಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಮಕ್ಕಳ ಬಗ್ಗೆ ನನಗೇನೂ ತಕರಾರಿಲ್ಲ. ಟ್ಯಾಂಕ್ ನೋಡಿದರೆ ನಾನೂ ನಿಲ್ಲುತ್ತೇನೆ.

ಆದರೆ ಅದೇ ಕೊಡಗಿನ ಇನ್ನೊಂದು ಹೆಸರು ನನ್ನನ್ನು ಹೆಚ್ಚು ಕಾಡುತ್ತದೆ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಇವರದೊಂದು ವಾಪಸು ಬರಲಿಲ್ಲ. ದಾಖಲೆಯಲ್ಲಿ ‘ನಾಪತ್ತೆ’ ಎಂದಾಯಿತು. ತಮಗಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಅವರು ಹೊಡೆದುರುಳಿಸಿಯೇ ಮಡಿದರು ಎಂಬುದು ಹೊರಬಿದ್ದದ್ದು 1979ರಲ್ಲಿ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಮ್ಮ ಮನೆಯ ಮಗನ ಕತೆಯನ್ನು ಪರದೇಶದವರು ನಮಗೆ ಹೇಳಬೇಕಾಯಿತು.

ವಾಯುಪಡೆಯ ಅಧಿಕಾರಿಯದೇ ಹೀಗಾದರೆ, ಸಿಪಾಯಿಯಾಗಿ ಸೇರಿ ಹವಾಲ್ದಾರನಾಗಿ ನಿವೃತ್ತನಾದವನ ಗತಿಯೇನು? ವಿಜಯ ದಿವಸದ ಸಭೆಯಲ್ಲಿ ಅವನನ್ನು ಬೆಳಿಗ್ಗೆ ಒಂಬತ್ತಕ್ಕೇ ಕರೆಸಿ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಾರೆ. ಮುಖ್ಯ ಅತಿಥಿಗಳು ಹನ್ನೊಂದೂವರೆಗೆ ಬರುತ್ತಾರೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಗಡಿಯಲ್ಲಿ ಕೊರೆಯುವ ಚಳಿಯ ಬಗ್ಗೆ ಅಲ್ಲಿಗೆ ಎಂದೂ ಹೋಗದವರ ನಲವತ್ತು ನಿಮಿಷದ ಭಾಷಣ. ಕೊನೆಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಒಂದು ಫೋಟೊ. ಮೈಕು ಅವನ ಕೈಗೆ ಬರುವುದೇ ಇಲ್ಲ. ಬಂದರೂ ‘ಸಮಯದ ಅಭಾವ, ಎರಡೇ ಮಾತು ಸಾರ್’ ಎಂಬ ಷರತ್ತಿನೊಂದಿಗೆ.

ಆ ಎರಡು ಮಾತಿಗೇ ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಜಾಗ ಬೇಕು. ಕಾರವಾರದ ಕಡಲತೀರದಲ್ಲಿ ‘ಐಎನ್‌ಎಸ್ ಚಪಲ್’ ಕ್ಷಿಪಣಿ ನೌಕೆ ನಿಂತಿದೆ, ಜನ ಹತ್ತಿಳಿದು ಬರುತ್ತಾರೆ. ಅಂಥ ನೌಕೆಯ ಎಂಜಿನ್ ಕೋಣೆಯ ಸೆಕೆಯಲ್ಲಿ ದುಡಿದವನ ದನಿ ಅಲ್ಲೊಂದು ಗುಂಡಿ ಒತ್ತಿದರೆ ಕೇಳುವಂತಿದ್ದರೆ? ಮನೆಮನೆಯ ಕಬ್ಬಿಣದ ಟ್ರಂಕುಗಳಲ್ಲಿ ಡಿಸ್ಚಾರ್ಜ್ ಬುಕ್ಕು, ಇನ್‌ಲ್ಯಾಂಡ್ ಲೆಟರುಗಳು, ರಿಬ್ಬನ್ನಿನ ಬಣ್ಣ ಹೋದ ಪದಕಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಪದಕ ಕೊಡಲು ಮನೆಯವರು ಒಪ್ಪಲಿಕ್ಕಿಲ್ಲ, ಒಪ್ಪಬೇಕಾಗಿಯೂ ಇಲ್ಲ; ಸ್ಕ್ಯಾನ್ ಮಾಡಿ ವಾಪಸು ಕೊಟ್ಟರಾಯಿತು.

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಡ. ಕಾಲೇಜಿನ ಎನ್‌ಸಿಸಿ ಹುಡುಗ ಹುಡುಗಿಯರು, ಒಂದು ಮೊಬೈಲು, ಕೆಲವು ಭಾನುವಾರಗಳು ಸಾಕು. ಶೌರ್ಯದ ಪ್ರಶ್ನೆಯನ್ನೇ ಕೇಳಬೇಕೆಂದಿಲ್ಲ. ಭರ್ತಿಗೆ ಹೋದಾಗ ಮನೆಯಲ್ಲಿ ಹೇಳಿದ್ದಿರಾ, ಮೊದಲ ಸಂಬಳದಲ್ಲಿ ಏನು ಕೊಂಡಿರಿ, ಹಿಂದಿ ಕಲಿಸಿದ್ದು ಯಾರು, ವಾಪಸು ಬಾರದ ಗೆಳೆಯನ ಊರು ಯಾವುದು ಎಂದು ಕೇಳಲಿ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ, 1962ರವರು ಎಂಬತ್ತು. ಪಿಂಚಣಿದಾರರ ವಿವರ ಜಿಲ್ಲೆಗಳ ಸೈನಿಕ ಕಲ್ಯಾಣ ಕಚೇರಿಗಳಲ್ಲೇ ಸಿಗುತ್ತದೆ. ಎಲ್ಲರಿಗಿಂತ ಹಿರಿಯರ ಮನೆಯಿಂದ ಶುರು ಮಾಡಬಹುದು.