ಗಾಳಿಕೋವಿಗೆ ತಕ್ಕ ಎಣ್ಣೆ ಯಾವುದು?

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಟ ರೈತನು ದಾರಿಯಲ್ಲಿ ಪಡುವ ಪಾಡನ್ನು ಚಿಕ್ಕಬಳ್ಳಾಪುರದ ಸೀಮೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದನ್ನೊಂದು ಉಜ್ಜುವ ಎರಡು ಲೋಹಗಳ ನಡುವೆ ಎಣ್ಣೆಯಿರಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಯಾವ ಭಾಗಕ್ಕೆ ಯಾವ ಎಣ್ಣೆ, ಅದೂ ಎಷ್ಟು, ಎಂಬ ವಿಚಾರದಲ್ಲಿ ವಿವೇಚನೆಯು ಇನ್ನೂ ಸಾಲದು. ಮನೆಯಲ್ಲಿರುವ ಒಂದೇ ಡಬ್ಬಿಯ ಎಣ್ಣೆಯು ಬಾಗಿಲ ಕೀಲಿಗೂ ಆಗುತ್ತದೆ, ತೋಟದ ಗಾಳಿಕೋವಿಗೂ ಆಗುತ್ತದೆ. ಬಾಗಿಲಿಗೆ ಇದರಿಂದ ಕೇಡಿಲ್ಲ. ಗಾಳಿಕೋವಿಗಾದರೋ ಇದು ಆಯುಧವನ್ನು ಕೆಡಿಸುವುದಲ್ಲದೆ, ಅದನ್ನು ಹಿಡಿದವನಿಗೂ ಅಪಾಯವನ್ನು ತರುತ್ತದೆ.

ದ್ರಾಕ್ಷಿಯ ಗೊಂಚಲು ಬಣ್ಣಕ್ಕೆ ತಿರುಗುವ ಕಾಲದಲ್ಲಿ ಹಕ್ಕಿಗಳ ಕಾಟವು ಹೆಚ್ಚುವುದು ಸಹಜ. ಆಗ ತೋಟ ಕಾಯುವ ಹುಡುಗನ ಕೈಗೆ ಗಾಳಿಕೋವಿಯನ್ನು ಕೊಡುವವರುಂಟು. ಅದರ ಸಪ್ಪಳವು ಸಾಲದೆಂದು, ನಳಿಗೆಯ ಬುಡಕ್ಕೆ ಒಂದು ಹನಿ ಸೀಮೆಎಣ್ಣೆಯನ್ನೋ ಇಂಜಿನ್ ಎಣ್ಣೆಯನ್ನೋ ಬಿಟ್ಟು, ಭಾರಿ ಸದ್ದನ್ನು ಹೊರಡಿಸುವ ಉಪಾಯವನ್ನು ಕೆಲವು ಯುವಕರು ಜಾಣತನವೆಂದು ಬಗೆಯುತ್ತಾರೆ. ಇದು ಜಾಣತನವಲ್ಲ, ಗ್ರಾಮದ ಯಜಮಾನರು ಕೂಡಲೇ ತಡೆಯಬೇಕಾದ ದುರಭ್ಯಾಸ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಸೈಕಲ್ಲಿನ ಗಾಳಿಪಂಪನ್ನು ಬಿರುಸಾಗಿ ಒತ್ತಿದರೆ ಅದರ ತಳವು ಕೈಗೆ ಬಿಸಿಯಾಗಿ ತಾಗುತ್ತದೆ. ಒತ್ತಿದ ಗಾಳಿಯು ಕಾಯುತ್ತದೆಂಬುದಕ್ಕೆ ಇದೇ ಸಾಕ್ಷಿ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವರು 1897ರಲ್ಲಿ ನಡೆಯಿಸಿ ತೋರಿಸಿದ ಇಂಜಿನ್ನು ಇದೇ ತತ್ವದ ಮೇಲೆ ನಿಂತಿದೆ. ಅದರಲ್ಲಿ ಕಿಡಿಯ ಅಗತ್ಯವಿಲ್ಲ. ಒತ್ತಡದಿಂದ ಕಾದ ಗಾಳಿಯೇ ಎಣ್ಣೆಯನ್ನು ಹೊತ್ತಿಸುತ್ತದೆ. ಸ್ಪ್ರಿಂಗಿನ ಗಾಳಿಕೋವಿಯಲ್ಲಿಯೂ ಪಿಸ್ಟನ್ನು ಮುನ್ನುಗ್ಗಿ ಗಾಳಿಯನ್ನು ಒಮ್ಮೆಲೇ ಅದುಮುತ್ತದೆ. ಅಲ್ಲಿ ಉರಿಯುವ ಎಣ್ಣೆಯಿದ್ದರೆ ಅದು ಸಿಡಿಯುತ್ತದೆ. ಗುಂಡು ಎಂದಿಗಿಂತ ಹೆಚ್ಚು ವೇಗದಲ್ಲಿ, ಗುರಿಗೆ ಸಿಕ್ಕದಂತೆ ಹಾರುತ್ತದೆ, ಪಿಸ್ಟನ್ನಿನ ವಾಷರು ಸುಡುತ್ತದೆ, ಸ್ಪ್ರಿಂಗು ಮುರಿಯಲೂಬಹುದು. ಮೊದಲೇ ತುಂಬಿಟ್ಟ ಗಾಳಿಯಿಂದ ನಡೆಯುವ ಕೋವಿಗಳಲ್ಲಿ ಗಾಳಿಯ ಒತ್ತಡವು ಬಹಳವಾದುದರಿಂದ, ಇಂತಹ ಎಣ್ಣೆಯಿಂದಾಗುವ ಅನಾಹುತವೂ ದೊಡ್ಡದು.

ಇನ್ನು ಮನೆಯ ಎಣ್ಣೆಗಳ ಮಾತು. ಕೊಬ್ಬರಿ ಎಣ್ಣೆಯು ಚಳಿಗಾಲದ ಬೆಳಗಿನಲ್ಲಿ ಸೀಸೆಯೊಳಗೇ ಹೆಪ್ಪುಗಟ್ಟುವುದನ್ನು ಎಲ್ಲರೂ ಕಂಡಿದ್ದಾರೆ; ಕೋವಿಯೊಳಗೂ ಅದು ಹಾಗೆಯೇ ಹೆಪ್ಪುಗಟ್ಟುತ್ತದೆ. ಹರಳೆಣ್ಣೆಯು ಜಾರಿಕೆಯಲ್ಲಿ ಶ್ರೇಷ್ಠವೆಂಬುದು ನಿಜ. 1914ರಿಂದ 1918ರವರೆಗೆ ನಡೆದ ಮಹಾಯುದ್ಧದ ವಿಮಾನಗಳಲ್ಲಿ ಅನೇಕವಕ್ಕೆ ಅದೇ ಕೀಲೆಣ್ಣೆಯಾಗಿತ್ತು. ಆದರೆ ಅಲ್ಲಿ ಹಳೆಯ ಎಣ್ಣೆ ಹೊರಬಿದ್ದು ಹೊಸದು ಹರಿದುಬರುತ್ತಿತ್ತು. ಕೋವಿಯಲ್ಲಿ ತಿಂಗಳುಗಟ್ಟಲೆ ನಿಂತ ಹರಳೆಣ್ಣೆಯು ಗಾಳಿ ತಾಗಿ ಅಂಟಾಗುತ್ತದೆ. ಹೊಂಗೆ ಎಣ್ಣೆಯ ಗತಿಯೂ ಇದೇ. ಸೀಮೆಎಣ್ಣೆಯು ಇದ್ದ ಗ್ರೀಸನ್ನು ತೊಳೆದು, ತಾನೂ ಆರಿಹೋಗಿ, ಲೋಹವನ್ನು ಬರಿದು ಮಾಡುತ್ತದೆ. ಟ್ರಾಕ್ಟರಿನಿಂದ ತೆಗೆದ ಹಳೆಯ ಇಂಜಿನ್ ಎಣ್ಣೆಯಲ್ಲಿ ಮಸಿಯೂ ಲೋಹದ ಪುಡಿಯೂ ಸೇರಿರುತ್ತವೆ. ಅದು ಸವೆತವನ್ನು ತಡೆಯುವುದರ ಬದಲು ಹೆಚ್ಚಿಸುತ್ತದೆ.

ಹಾಗಾದರೆ ತಕ್ಕ ಎಣ್ಣೆ ಯಾವುದು? ಗಾಳಿಕೋವಿಯನ್ನು ಮೂರು ಭಾಗಗಳಾಗಿ ಎಣಿಸಿದರೆ ಉತ್ತರವು ಸುಲಭ. ಮೊದಲನೆಯದು ಗಾಳಿಯನ್ನು ಅದುಮುವ ಕೊಠಡಿ ಮತ್ತು ಅದರ ವಾಷರು. ಇದಕ್ಕೆ ಸುಲಭವಾಗಿ ಹೊತ್ತಿಕೊಳ್ಳದ ಶುದ್ಧ ಸಿಲಿಕೋನ್ ಎಣ್ಣೆಯೇ ಯೋಗ್ಯ. ಚಿಮುಕಿಸುವ ಡಬ್ಬಿಗಳಲ್ಲಿ ಬರುವ ಸಿಲಿಕೋನಿನೊಡನೆ ಉರಿಯುವ ದ್ರವಗಳು ಬೆರೆತಿರುವುದುಂಟು, ಅದನ್ನು ಬಳಸಕೂಡದು. ಎರಡನೆಯದು ಸ್ಪ್ರಿಂಗು, ಕೋವಿಯನ್ನು ಮಡಿಸುವ ಕೀಲು, ಸನ್ನೆಯ ತೋಳು. ಇಲ್ಲಿ ಲೋಹವು ಲೋಹವನ್ನು ಭಾರದಿಂದ ಉಜ್ಜುವುದರಿಂದ ಸಿಲಿಕೋನ್ ಎಣ್ಣೆಯು ನಿಲ್ಲಲಾರದು. ಮಾಲಿಬ್ಡಿನಂ ಬೆರೆತ ಕಪ್ಪು ಗ್ರೀಸು ತೆಳುವಾಗಿ ಬೇಕು. ಮೂರನೆಯದು ಹೊರಗಿನ ಉಕ್ಕು. ಬೆವರಿನ ಕೈ ತಾಗಿದಲ್ಲಿ ತುಕ್ಕು ಹಿಡಿಯದಂತೆ, ತೆಳುವಾದ ಖನಿಜ ಎಣ್ಣೆಯ ಒಂದು ಹನಿಯನ್ನು ಬಟ್ಟೆಗೆ ಹಾಕಿ ಒರೆಸಿದರೆ ಸಾಕು.

ಪ್ರಮಾಣದ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು: ಗಾಳಿಕೋವಿಯು ಎಣ್ಣೆಯ ಕೊರತೆಯಿಂದ ಕೆಡುವುದಕ್ಕಿಂತ ಹೆಚ್ಚಾಗಿ ಎಣ್ಣೆಯ ಅತಿಯಿಂದ ಕೆಡುತ್ತದೆ. ಹಳೆಯ ಕೋವಿಯ ತೊಗಲಿನ ವಾಷರು ಬೇಸಗೆಯಲ್ಲಿ ಒಣಗಿ ಗಾಳಿ ಸೋರಿದರೆ, ಗಾಳಿಯ ಕಂಡಿಗೆ ಒಂದೆರಡು ಹನಿಯನ್ನು ಬಿಟ್ಟು, ಗುಂಡಿಲ್ಲದ, ಬಿಗಿಯದ ಕೋವಿಯನ್ನು ಬಾಯಿ ಮೇಲಾಗಿ ಒಂದು ರಾತ್ರಿ ಭದ್ರವಾದ ಸ್ಥಳದಲ್ಲಿ ನಿಲ್ಲಿಸತಕ್ಕದ್ದು. ಮರುದಿನದ ಮೊದಲ ಕೆಲವು ಗುಂಡುಗಳನ್ನು ಮಣ್ಣಿನ ದಿಬ್ಬಕ್ಕೆ ಹೊಡೆಯತಕ್ಕದ್ದು. ನಳಿಗೆಯೊಳಗೆ ತುಕ್ಕಿಗೆಂದು ಎಣ್ಣೆ ಸವರಿದ್ದರೆ, ಹೊಡೆಯುವ ಮುನ್ನ ಒಣಬಟ್ಟೆಯಿಂದ ಒರೆಸಿಬಿಡಬೇಕು. ಗುಂಡಿಲ್ಲದೆ ಕೋವಿಯನ್ನು ಹೊಡೆಯುವುದೂ, ತಕ್ಕ ಸಲಕರಣೆಯಿಲ್ಲದೆ ಸ್ಪ್ರಿಂಗನ್ನು ಬಿಚ್ಚುವುದೂ ಕೂಡದು. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು ಈ ಕೆಲಸವನ್ನು ಹುಳುವಿನ ಮನೆಯಿಂದ ದೂರದಲ್ಲಿ ಮಾಡಿ, ಕೈ ತೊಳೆದೇ ಸೊಪ್ಪನ್ನು ಮುಟ್ಟುವುದು ಒಳ್ಳೆಯದು.

ಒಂದು ಕೋವಿಗೆ ಇಷ್ಟು ಬಗೆಯ ಎಣ್ಣೆ ಏತಕ್ಕೆಂದು ಕೆಲವರು ಆಕ್ಷೇಪಿಸಬಹುದು. ಹನಿಯ ಲೆಕ್ಕದಲ್ಲಿ ಬಳಸುವ ಪದಾರ್ಥದ ಒಂದು ಸಣ್ಣ ಸೀಸೆಯು ವರ್ಷಗಟ್ಟಲೆ ಬರುತ್ತದೆ. ಸುಟ್ಟ ವಾಷರನ್ನೂ ಮುರಿದ ಸ್ಪ್ರಿಂಗನ್ನೂ ಬದಲಿಸುವ ವೆಚ್ಚವು ಅದಕ್ಕಿಂತ ಹೆಚ್ಚು. ಹುಡುಗನೊಬ್ಬನ ಕಣ್ಣಿಗೆ ಬೆಲೆಯೇ ಇಲ್ಲ.

ಸದ್ದಿಗಾಗಿ ಎಣ್ಣೆ ಸುಡುವವರು ಇನ್ನೊಂದನ್ನೂ ತಿಳಿಯಬೇಕು. ನವಿಲು, ಗಿಳಿ ಮುಂತಾದ ಹಕ್ಕಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಕೋವಿಯು ಸ್ವಂತದ್ದಾದ ಮಾತ್ರಕ್ಕೆ ಹಕ್ಕಿಯನ್ನು ಹೊಡೆಯುವ ಅಧಿಕಾರವು ದೊರೆತಂತಾಗದು. ಹಣ್ಣಿನ ರಕ್ಷಣೆಗೆ ಬಲೆಯೂ ಮಿರುಗುವ ಪಟ್ಟಿಯೂ ಇವೆ. ತಮಟೆಯ ಸದ್ದಿಗಂತೂ ಎಣ್ಣೆಯೇ ಬೇಡ. ಗಾಳಿಕೋವಿಯ ಯೋಗ್ಯವಾದ ಸ್ಥಳವು ಗುರಿಯಾಟದ ಅಂಗಳ. ಆ ಆಟದಲ್ಲಿ ಭಾರತದ ಅಭಿನವ್ ಬಿಂದ್ರಾರವರು 2008ರಲ್ಲಿ ಬೀಜಿಂಗಿನ ಒಲಿಂಪಿಕ್ಸಿನಿಂದ ಚಿನ್ನದ ಪದಕವನ್ನು ತಂದರು.

ಆದುದರಿಂದ ಗ್ರಾಮದ ಯಜಮಾನರೂ ಭೂಮಾಲೀಕರೂ ತಮ್ಮ ತಮ್ಮ ತೋಟಗಳ ಕೋವಿಗಳನ್ನೊಮ್ಮೆ ತರಿಸಿ ನೋಡುವುದು ಉಚಿತ. ನಳಿಗೆಯಲ್ಲಿ ಸೀಮೆಎಣ್ಣೆಯ ವಾಸನೆಯಿದ್ದರೆ, ಒಣಬಟ್ಟೆಯಿಂದ ಒರೆಸಿ, ಬಲ್ಲವರಿಗೆ ತೋರಿಸುವವರೆಗೆ ಅದನ್ನು ಬೀಗದಲ್ಲಿಡಲಿ. ಕೋವಿಯನ್ನು ಹಿಡಿಯುವವನಿಗೆ ಗುರಿಗಿಂತ ಮೊದಲು ಎಣ್ಣೆಯ ಪಾಠವಾಗಲಿ.