‘ಹೇಳಲಾಗದು’ ಎಂಬ ಉತ್ತರಕ್ಕೂ ಅಂಕ ಬೇಕು

‘ವ್ಯತ್ಯಾಸ ತಿಳಿಸುವರು’, ‘ವರ್ಗೀಕರಿಸುವರು’ ಎಂಬ ಉದ್ದೇಶಗಳಿಲ್ಲದ ವಿಜ್ಞಾನ ಪಾಠಯೋಜನೆ ನಮ್ಮಲ್ಲಿ ಅಪರೂಪ. ಆದರೆ ತರಗತಿಯಲ್ಲಿ ವ್ಯತ್ಯಾಸಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಯುವವರು ನಾವು. ಮಕ್ಕಳು ಅದನ್ನು ಇಳಿಸಿಕೊಳ್ಳುತ್ತಾರೆ, ಅಷ್ಟೆ. ವ್ಯತ್ಯಾಸವನ್ನು ಮಕ್ಕಳೇ ಹುಡುಕಬೇಕಾದರೆ ಥಟ್ಟನೆ ಗೊತ್ತಾಗದ ವಸ್ತುಗಳನ್ನು ಅವರ ಮುಂದಿಡಬೇಕು. ಇದಕ್ಕೆ ನಮ್ಮ ರೈಲ್ವೆಯ ಹಳೆಯ ಡೀಸೆಲ್ ಎಂಜಿನ್‌ಗಳು ಬಹಳ ಒಳ್ಳೆಯ ಸಾಮಗ್ರಿ ಎಂದು ನಾನು ಭಾವಿಸುತ್ತೇನೆ.

1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾದ ಡಬ್ಲ್ಯೂಡಿಎಂ-2 ಎಂಜಿನ್ 2600 ಅಶ್ವಶಕ್ತಿಯದು. ಅದರಿಂದ ಬೆಳೆದ ಡಬ್ಲ್ಯೂಡಿಎಂ-3ಎ 3100 ಅಶ್ವಶಕ್ತಿಯದು. ದೂರದಿಂದ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಚಿತ್ರಪಟದಲ್ಲಿ ಎಂಜಿನ್ನಿನ ಮೇಲಿರುವ ಹೆಸರನ್ನು ಕಾಗದದ ಪಟ್ಟಿಯಿಂದ ಮುಚ್ಚಿ, ಮಕ್ಕಳನ್ನು ಗುಂಪು ಮಾಡಲು ಬಿಡೋಣ.

ಮೊದಲು ಅವರು ಬಣ್ಣ ನೋಡುತ್ತಾರೆ. ಆದರೆ ಬಣ್ಣ ಶೆಡ್ಡಿನಿಂದ ಶೆಡ್ಡಿಗೆ ಬದಲಾಗುತ್ತದೆ. ಒಂದೇ ಮಾದರಿಗೆ ಹಲವು ಬಣ್ಣಗಳಿವೆ. ಕೆಂಪು ದಾಸವಾಳ, ಬಿಳಿ ದಾಸವಾಳ ಎರಡೂ ದಾಸವಾಳವೇ ಅಲ್ಲವೇ?

ಎರಡನೆಯದಾಗಿ ಗಾಲಿಗಳತ್ತ ಗಮನ ಸೆಳೆಯಬಹುದು. ಡಬ್ಲ್ಯೂಡಿಎಂ-3ಎ ಮತ್ತು ಸರಕು ಸಾಗಣೆಯ ಡಬ್ಲ್ಯೂಡಿಜಿ-3ಎ ಎರಡಕ್ಕೂ 16 ಸಿಲಿಂಡರ್, 3100 ಅಶ್ವಶಕ್ತಿ. ಮೊದಲನೆಯದರ ಬೋಗಿಯಲ್ಲಿ ಮೂರು ಅಚ್ಚುಗಳ ನಡುವಿನ ಅಂತರ ಸಮವಾಗಿಲ್ಲ. ಎರಡನೆಯದರ ಬೋಗಿಯ ವಿನ್ಯಾಸವೇ ಬೇರೆ. ಭಾರದ ಗಾಡಿ ಎಳೆಯುವಾಗ ಗಾಲಿ ಜಾರದೆ ಹಳಿಯನ್ನು ಹಿಡಿಯಬೇಕು ಎಂಬುದೇ ಇದಕ್ಕೆ ಕಾರಣ. ಇಲ್ಲಿ ವ್ಯತ್ಯಾಸದ ಜೊತೆಗೆ ಘರ್ಷಣೆಯ ಪಾಠವೂ ಆಯಿತು.

ಮೂರನೆಯ ಹಂತವೇ ನನಗೆ ಮುಖ್ಯ. ಡಬ್ಲ್ಯೂಡಿಎಂ-2ಎ ಎಂದರೆ ಆಮೇಲೆ ಏರ್ ಬ್ರೇಕ್ ಅಳವಡಿಸಿದ್ದು; 2ಬಿ ಎಂದರೆ ತಯಾರಾಗುವಾಗಲೇ ಏರ್ ಬ್ರೇಕ್ ಇದ್ದದ್ದು. ನಮ್ಮ ಅನೇಕ ಮಾರ್ಗಗಳು ಮೀಟರ್ ಗೇಜ್ ಆಗಿದ್ದ ಕಾಲದ ವೈಡಿಎಂ-4 ಹಾಗೂ ಕೆನಡಾದ ಮಾಂಟ್ರಿಯಲ್‌ನಲ್ಲಿ ತಯಾರಾದ ವೈಡಿಎಂ-4ಎ ಕೂಡ ಹೀಗೆಯೇ. ಇಲ್ಲಿ ಹೆಸರು ಬೇರೆಯಾಗಿರುವುದು ರೂಪದಿಂದಲ್ಲ, ಚರಿತ್ರೆಯಿಂದ. ಹೊರಗಿನ ಒಂದು ಚಿತ್ರ ನೋಡಿ ಖಚಿತವಾಗಿ ಬೇರ್ಪಡಿಸುವುದು ಕಷ್ಟ. ತಯಾರಕರ ಫಲಕವೋ ದಾಖಲೆಯೋ ಬೇಕು. ಆಗ ಒಬ್ಬ ಹುಡುಗಿ ಎದ್ದು “ಇಷ್ಟರಿಂದ ಹೇಳಕ್ಕಾಗಲ್ಲ ಮಿಸ್, ಫಲಕ ನೋಡಬೇಕು” ಎಂದರೆ, ಅದು ಇಡೀ ಪಾಠದ ಅತ್ಯುತ್ತಮ ಉತ್ತರ.

ನಮ್ಮ ಮೌಲ್ಯಮಾಪನದಲ್ಲಿ ಆ ಉತ್ತರಕ್ಕೆ ಜಾಗವೆಲ್ಲಿದೆ? ಪ್ರಶ್ನೆ ಕೇಳಿದ ಕೂಡಲೇ ಕೈಗಳು ಏಳಬೇಕು, ಉತ್ತರ ಬರಬೇಕು. ಇಲ್ಲವಾದರೆ ಪಾಠ ಸಪ್ಪೆಯಾಯಿತೆಂಬ ಭಯ ಪ್ರಶಿಕ್ಷಣಾರ್ಥಿಗಳಾದ ನಮಗೆಲ್ಲ ಇದೆ. ಆ ಭಯದಲ್ಲಿ ನಾವು ಮಕ್ಕಳಿಗೆ ಊಹಿಸುವುದನ್ನು ಕಲಿಸುತ್ತಿದ್ದೇವೆ.

ಇದು ಪಠ್ಯದಲ್ಲಿಲ್ಲ, ಎಲ್ಲ ಊರಿಗೂ ರೈಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬೇಕಿರುವುದು ಹತ್ತು ಚಿತ್ರಪಟ, ಒಂದು ಅವಧಿ ಮಾತ್ರ. ಮಕ್ಕಳನ್ನು ಹಳಿಯ ಹತ್ತಿರ ಕರೆದೊಯ್ಯುವ ಅಗತ್ಯವೇ ಇಲ್ಲ. ರೈಲಿಲ್ಲದ ಊರಿನಲ್ಲಿ ಟ್ರ್ಯಾಕ್ಟರ್‌ಗಳೂ ಆದಾವು.

ಬೋಧಕರಲ್ಲಿ ನನ್ನದೊಂದು ವಿನಂತಿ: ಬೋಧನಾಭ್ಯಾಸದ ವೀಕ್ಷಣಾ ಪತ್ರದಲ್ಲಿ ಒಂದು ಸಾಲು ಸೇರಿಸಿ. ‘ಸಾಕ್ಷ್ಯ ಸಾಲದೆಂದು ಹೇಳಲು, ಇನ್ನೇನು ಬೇಕೆಂದು ಕೇಳಲು ಮಕ್ಕಳಿಗೆ ಅವಕಾಶ ಸಿಕ್ಕಿತೇ?’ ಆ ಸಾಲಿಗೆ ಅಂಕವಿದ್ದರೆ ನಮ್ಮ ಪಾಠಗಳು ತಾವಾಗಿಯೇ ಬದಲಾಗುತ್ತವೆ.